ಊರು ನೋಡುವಾಗ ಊರು ಕಾಯ್ದವರನ್ನೂ ನೋಡು

ತಂಗಿ, ನೀನು ಓದಲಿಕ್ಕೆ ಜರ್ಮನಿಗೆ ಹೊರಟ ಸುದ್ದಿ ಬೈಲಹೊಂಗಲದ ನಮ್ಮ ಓಣಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ಬಹಳ ಸಂತೋಷ. ನಮ್ಮ ದೇಶದ ಮಕ್ಕಳು 2023–24ರ ಹೊತ್ತಿಗೇ ಅಲ್ಲಿ ಸುಮಾರು 49 ಸಾವಿರ ಇದ್ದರು. ಹೊರದೇಶಗಳಿಂದ ಬಂದು ಓದುವವರಲ್ಲಿ ನಮ್ಮವರದೇ ದೊಡ್ಡ ಗುಂಪು. ಹೀಗಾಗಿ ವೀಸಾ, ಬ್ಯಾಂಕು, ಬಾಡಿಗೆ ಕೋಣೆ, ಕುಕ್ಕರು, ಸ್ವೆಟರು ಇವುಗಳ ಬಗ್ಗೆ ಹೇಳಿಕೊಡಲು ನಿನಗೆ ಸೀನಿಯರ್‌ಗಳು ಬೇಕಾದಷ್ಟು ಸಿಗುತ್ತಾರೆ. ನಾನು ಹೇಳಬೇಕೆಂದಿರುವುದು ಬೇರೆ. ರಜೆ ಬಂದಾಗ ಗೆಳತಿಯರ ಜೊತೆ ಊರು ನೋಡಲು ಹೊರಡುತ್ತೀಯಲ್ಲ, ಆ ತಿರುಗಾಟದ ಬಗ್ಗೆ.

ಮಗಳ ಬಾಣಂತನಕ್ಕೆಂದು ನಾನು ಶ್ಟುಟ್‌ಗಾರ್ಟಿನಲ್ಲಿ ಇದ್ದಾಗ, ಅಳಿಯನಿಗೆ ರಜೆ ಇದ್ದ ದಿನ ಕೂಸನ್ನು ಅವರಿಬ್ಬರ ಕೈಗೆ ಕೊಟ್ಟು ಸುತ್ತಲಿನ ಊರುಗಳನ್ನು ನೋಡಿಬಂದೆ. ಜೀವಮಾನವಿಡೀ ಶಾಲೆಯಲ್ಲಿ ಇತಿಹಾಸ ಕಲಿಸಿದವಳಿಗೆ ಸುಮ್ಮನೆ ಕೂಡಲು ಆಗುವುದಿಲ್ಲ. ಆಗ ಕಂಡದ್ದರಿಂದ, ಆಮೇಲೆ ಓದಿದ್ದರಿಂದ ಈ ಮಾತು.

ಆ ಊರುಗಳಲ್ಲಿ ನಿಂತಾಗ ಮೊದಲು ಬಾಯಿಗೆ ಬರುವ ಮಾತು ‘ಎಷ್ಟು ಚೆಂದ ಐತಿ’ ಅಂತ. ಅದು ಖರೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ‘ನಮ್ಮಲ್ಲಿ ಇಂಥದ್ದು ಏನೈತಿ?’ ಆ ಎರಡನೆಯ ಮಾತು ನಾಲಿಗೆಗೆ ಬಂದಾಗ ಸ್ವಲ್ಪ ತಡೆದು ಬೇರೆ ಪ್ರಶ್ನೆ ಕೇಳಿಕೋ. ಇದು ಇಷ್ಟು ವರ್ಷ ಹೇಗೆ ಉಳಿಯಿತು? ಯಾರು ಕಾಯ್ದರು? ಯಾರ ದುಡ್ಡು? ಬಿದ್ದಾಗ ಎತ್ತಿ ನಿಲ್ಲಿಸಿದವರು ಯಾರು? ಕಿತ್ತೂರು, ಹೂಲಿ, ತೊರಗಲ್ಲುಗಳ ಸೀಮೆಯಿಂದ ಹೋಗುವ ನೀನು ಈ ಪ್ರಶ್ನೆ ಕೇಳದಿದ್ದರೆ ಬರೀ ಚಿತ್ರ ತೆಗೆದುಕೊಂಡು ಬರುತ್ತೀ ಅಷ್ಟೆ.

ಮೊದಲು ಹೈಡೆಲ್‌ಬರ್ಗಿಗೆ ಹೋಗು. ಕೆಳಗೆ ನೆಕ್ಕರ್ ನದಿ, ಅದರ ಮೇಲೆ ಹಳೆಯ ಕಲ್ಲು ಸೇತುವೆ, 1386ರಲ್ಲಿ ಶುರುವಾದ ವಿಶ್ವವಿದ್ಯಾಲಯ; ಮೇಲೆ ಗುಡ್ಡದ ಮೈಯಲ್ಲಿ ಕೆಂಪು ಕಲ್ಲಿನ ಕೋಟೆ. ಜಗತ್ತಿನ ಮೂಲೆ ಮೂಲೆಯಿಂದ ಜನ ನೋಡಲು ಬರುವ ಆ ಕೋಟೆ ಹಾಳುಬಿದ್ದ ಕೋಟೆ. 1689ರಲ್ಲಿ ಒಮ್ಮೆ, 1693ರಲ್ಲಿ ಮತ್ತೊಮ್ಮೆ ಫ್ರೆಂಚ್ ಸೈನ್ಯ ಅದನ್ನು ಸುಟ್ಟು ಸಿಡಿಸಿತು. 1764ರಲ್ಲಿ ಸಿಡಿಲು ಬಡಿದು ಉಳಿದದ್ದೂ ಉರಿಯಿತು. ಆಮೇಲೆ ಊರವರು ಮನೆ ಕಟ್ಟಿಕೊಳ್ಳಲು ಅಲ್ಲಿಂದ ಕಲ್ಲು ಒಯ್ಯತೊಡಗಿದರು. ನಮ್ಮ ಸೀಮೆಯ ಎಷ್ಟು ಹುಡೇವುಗಳ ಕಲ್ಲು ಯಾರ ಯಾರ ಮನೆಯ ಬುನಾದಿ ಸೇರಿದೆ ಎನ್ನುವುದು ನಮಗೆ ಗೊತ್ತಿದ್ದದ್ದೇ, ಹಾಗೆ. ಅದನ್ನು ತಡೆದವನು ಶಾರ್ಲ್ ದ ಗ್ರೈಂಬೆರ್ಗ್ ಎಂಬ ಒಬ್ಬ ಫ್ರೆಂಚ್ ಚಿತ್ರಕಾರ. 1810ರಲ್ಲಿ ಆ ಊರಿಗೆ ಬಂದವನು ಅಲ್ಲೇ ನಿಂತುಬಿಟ್ಟ. ಯಾರೂ ಹೇಳದೆ, ಯಾರೂ ಸಂಬಳ ಕೊಡದೆ ಕೋಟೆಯನ್ನು ಕಾಯ್ದ. ಅದರ ಚಿತ್ರ ಬರೆದು ಅಚ್ಚು ಹಾಕಿಸಿದ, ಹಳೆಯ ಸಾಮಾನು ಒಂದೊಂದಾಗಿ ಕೂಡಿಸಿದ. ಕೋಟೆ ಕೆಡವಿದವರ ನಾಡಿನಿಂದಲೇ ಬಂದ ಮನುಷ್ಯ ಅವನು ಎಂಬುದನ್ನು ಮರೆಯಬೇಡ. ಮುಂದೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಕೋಟೆಯನ್ನು ಮೊದಲಿದ್ದಂತೆ ಕಟ್ಟಬೇಕೋ, ಹಾಳಾದದ್ದನ್ನು ಹಾಗೇ ಕಾಪಾಡಬೇಕೋ ಅಂತ ವಿದ್ವಾಂಸರ ನಡುವೆ ದೊಡ್ಡ ವಾದ ಆಯಿತು. ಒಂದು ಭಾಗವನ್ನಷ್ಟೇ ಮತ್ತೆ ಕಟ್ಟಿ, ಉಳಿದದ್ದನ್ನು ಇನ್ನಷ್ಟು ಬೀಳದಂತೆ ಭದ್ರ ಮಾಡಿ ಬಿಟ್ಟರು. ಇಂದು ನೀನು ನೋಡುವುದು ಆ ನಿರ್ಧಾರವನ್ನು.

ಈಗ ಕಿತ್ತೂರು ನೆನಪು ಮಾಡಿಕೋ. 1824ರ ಅಕ್ಟೋಬರ್ 23ರಂದು ಇಂಗ್ಲಿಷ್ ಅಧಿಕಾರಿ ಥ್ಯಾಕರೆ ಬಿದ್ದ ಜಾಗ ಅದು. ಡಿಸೆಂಬರಿನಲ್ಲಿ ಕೋಟೆ ಇಂಗ್ಲಿಷರ ಕೈಸೇರಿತು. ರಾಣಿ ಚೆನ್ನಮ್ಮನನ್ನು ನಮ್ಮ ಬೈಲಹೊಂಗಲಕ್ಕೆ ತಂದು ಸೆರೆಯಲ್ಲಿಟ್ಟರು. 1829ರಲ್ಲಿ ಇಲ್ಲೇ ಆಕೆ ಪ್ರಾಣ ಬಿಟ್ಟಳು, ಇಲ್ಲೇ ಸಮಾಧಿ. ಶಾಲೆಯ ಟ್ರಿಪ್ಪಿನಲ್ಲಿ ನೀನು ಆ ಕೋಟೆಯನ್ನು ನೋಡಿದ್ದೀ. ಅರ್ಧ ನಿಂತ ಗೋಡೆಗಳು, ಸ್ನಾನದ ಮನೆ, ನೀರು ಹರಿಯುವ ಕಾಲುವೆ, ಧ್ರುವ ನಕ್ಷತ್ರ ನೋಡಲಿಕ್ಕೆಂದು ಬಿಟ್ಟ ಕಿಂಡಿ. ಆಗ ಡಬ್ಬಿ ಬಿಚ್ಚಿ ಊಟ ಮಾಡಿ ಬಂದಿರಿ. ತಪ್ಪಿಲ್ಲ, ಆ ವಯಸ್ಸೇ ಹಾಗೆ. ಈಗ ಕಿತ್ತೂರಿನ ಅರಮನೆಯ ಪ್ರತಿರೂಪ ಕಟ್ಟಬೇಕೆಂಬ ಮಾತು ಕೆಲವು ವರ್ಷಗಳಿಂದ ನಡೆದಿದೆ. ಹೈಡೆಲ್‌ಬರ್ಗಿನ ಜನ ನೂರು ವರ್ಷಕ್ಕೂ ಹಿಂದೆ ಜಗಳಾಡಿದ್ದು ಇದೇ ಪ್ರಶ್ನೆಗೆ. ನನ್ನ ಅಭಿಪ್ರಾಯ ಕೇಳಿದರೆ, ಹೊಸದು ಕಟ್ಟುವ ದುಡ್ಡಿನಲ್ಲಿ ಮೊದಲು ಹಳೆಯ ಗೋಡೆಗಳು ಮಳೆಗೆ ಕರಗದಂತೆ ಮಾಡಬೇಕು. ನೀನು ಅಲ್ಲಿ ನೋಡಿ ಬಂದ ಮೇಲೆ ನಿನ್ನ ಅಭಿಪ್ರಾಯ ಬೇರೆ ಇರಬಹುದು. ಇರಲಿ, ಆದರೆ ನೋಡಿ ಹೇಳು.

ಅದೇ ಹೈಡೆಲ್‌ಬರ್ಗಿನಲ್ಲಿ 1962ರಲ್ಲಿ ಶುರುವಾದ ದಕ್ಷಿಣ ಏಷ್ಯಾ ಸಂಸ್ಥೆ ಇದೆ. ಖಂಡೋಬಾ, ಮೈಲಾರ, ಬೀರಪ್ಪನಂಥ ಕುರಿಗಾಹಿಗಳ ದೇವರ ಬೆನ್ನು ಹತ್ತಿ ಮಹಾರಾಷ್ಟ್ರ, ಕರ್ನಾಟಕದ ಜಾತ್ರೆಗಳನ್ನೆಲ್ಲ ಸುತ್ತಿದ ಗುಂಥರ್ ಸೊಂಥೈಮರ್ ಅಲ್ಲಿ ಕಲಿಸುತ್ತಿದ್ದರು. ನಮ್ಮ ಗುಡ್ಡದ ಜಾತ್ರೆಗಳನ್ನು ಇಷ್ಟು ಗೌರವದಿಂದ ನೋಡಿದ ಮನುಷ್ಯ ಬಾಳಿದ ಊರು ಅದು.

ರೋಟೆನ್‌ಬುರ್ಗ್ ಎಂಬ ಊರಿನ ಚಿತ್ರ ನಿನ್ನ ಮೊಬೈಲಿನಲ್ಲಿ ಆಗಲೇ ಇರಬೇಕು. ಟೌಬರ್ ನದಿಯ ಮೇಲಿನ ದಿಬ್ಬದ ಊರು, ಸುತ್ತ ಕೋಟೆ ಗೋಡೆ, ಗೋಡೆಯ ಮೇಲೆ ಹಂಚಿನ ಸೂರು ಇರುವ ನಡೆದಾರಿ. ಎಲ್ಲರೂ ಪ್ಲ್ಯೋನ್‌ಲೈನ್ ಎಂಬ ಕವಲುದಾರಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ. ನೀನು ಗೋಡೆಯ ಮೇಲೆ ನಡೆ. ಗೋಡೆಯಲ್ಲಿ ಅಲ್ಲಲ್ಲಿ ಹೆಸರು ಕೆತ್ತಿದ ಕಲ್ಲುಗಳು ಕಾಣುತ್ತವೆ. 1945ರ ಮಾರ್ಚ್ 31ರಂದು ಬಾಂಬು ಬಿದ್ದು ಊರಿನ ಒಂದು ದೊಡ್ಡ ಭಾಗ, ಗೋಡೆಯ ಉದ್ದನೆಯ ತುಂಡು ನೆಲಸಮ ಆಗಿತ್ತು. ಯುದ್ಧ ಸೋತ ದೇಶ, ಕೈಯಲ್ಲಿ ಕಾಸಿಲ್ಲ. ಆಗ ಊರವರು ಗೋಡೆಯನ್ನು ಮೀಟರಿನ ಲೆಕ್ಕದಲ್ಲಿ ಕಟ್ಟಿಸಿಕೊಡಿ ಎಂದು ಲೋಕಕ್ಕೆಲ್ಲ ಕೇಳಿದರು. ಕೊಟ್ಟವರ ಹೆಸರು ಅವು. ಜಪಾನಿನವರ ಹೆಸರೂ ಬಹಳ ಇವೆ. ನಮ್ಮ ಗುಡಿಗಳಲ್ಲಿ ಮೆಟ್ಟಿಲಿಗೆ, ಕಟ್ಟೆಗೆ, ಗಂಟೆಗೆ ಸೇವೆ ಮಾಡಿಸಿದವರ ಹೆಸರು ಹಾಕುತ್ತಾರಲ್ಲ, ಅವರು ಕೋಟೆಗೋಡೆಗೆ ಹಾಕಿದ್ದಾರೆ.

ಕೊಡುವ ಗುಣ ನಮ್ಮ ಸೀಮೆಗೆ ಹೊಸದಲ್ಲ ತಂಗಿ. ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮುಂಚೆ ತಮ್ಮ ಆಸ್ತಿಯನ್ನೆಲ್ಲ ಮಕ್ಕಳ ವಿದ್ಯೆಗೆ ಬರೆದಿಟ್ಟವರು. ಅವರ ಹೆಸರಿನ ವಿದ್ಯಾರ್ಥಿವೇತನದಿಂದ ಓದಿದವರು ಉತ್ತರ ಕರ್ನಾಟಕದ ಊರೂರಲ್ಲಿ ಇದ್ದಾರೆ. ವಿದ್ಯೆಗೆ ಕೊಟ್ಟೆವು, ದೇವರಿಗೆ ಕೊಟ್ಟೆವು, ದಾಸೋಹಕ್ಕೆ ಕೊಟ್ಟೆವು. ಹಳೆಯ ಗೋಡೆಗೆ, ಹಳೆಯ ಬಾವಿಗೆ, ಹಳೆಯ ವಾಡೆಗೆ ಕೊಡುವುದೂ ದಾನವೇ ಎನ್ನುವುದು ನಮ್ಮ ತಲೆಗೆ ಇನ್ನೂ ಹೊಕ್ಕಿಲ್ಲ. ಜರ್ಮನಿಯ ಪೂರ್ವದ ಅಂಚಿನಲ್ಲಿ ಗ್ಯೋರ್ಲಿಟ್ಸ್ ಎಂಬ ಊರಿದೆ. 1995ರಿಂದ 2016ರ ತನಕ ಪ್ರತಿ ವರ್ಷ ಯಾರೋ ಒಬ್ಬರು ಆ ಹಳೆಯ ಊರಿನ ದುರಸ್ತಿಗೆ ಹತ್ತು ಲಕ್ಷ ಮಾರ್ಕು, ಯೂರೋ ಬಂದ ಮೇಲೆ ಅಷ್ಟೇ ಬೆಲೆಯ ಯೂರೋ, ಕಳಿಸುತ್ತಿದ್ದರು. ಹೆಸರು ಹೇಳಬಾರದು ಎನ್ನುವುದೊಂದೇ ಅವರ ಕರಾರು. ದೂರದ ಊರು, ನಿನಗೆ ಹೋಗಲು ಆಗದೇ ಇರಬಹುದು. ಆದರೂ ಈ ಸಂಗತಿ ನಿನಗೆ ತಿಳಿದಿರಲಿ.

ಆ ಊರುಗಳ ಮನೆಗಳನ್ನು ಹತ್ತಿರ ಹೋಗಿ ನೋಡು. ಬಿಳಿ ಗೋಡೆಯ ಮೇಲೆ ಅಡ್ಡ, ಉದ್ದ, ಓರೆ ಕಟ್ಟಿಗೆಯ ಪಟ್ಟಿಗಳಿರುವ ಮನೆಗಳು. ಫಾಖ್‌ವೆರ್ಕ್ ಅನ್ನುತ್ತಾರೆ. ಬಣ್ಣದ ಅಲಂಕಾರ ಅದು ಅಂತ ನಾನು ಮೊದಲು ತಿಳಿದಿದ್ದೆ. ಆ ಕಟ್ಟಿಗೆಯೇ ಮನೆಯ ಎಲುಬು. ತೊಲೆಗಳ ಚೌಕಟ್ಟು ನಿಲ್ಲಿಸಿ, ನಡುವಿನ ಖಾಲಿಯಲ್ಲಿ ಕೋಲು ಹೆಣೆದು, ಹುಲ್ಲು ಕಲಸಿದ ಕೆಸರು ಮೆತ್ತಿ, ಮೇಲೆ ಸುಣ್ಣ ಬಳಿದಿರುತ್ತಾರೆ. ಹುಲ್ಲು ಹಾಕಿ ಕೊಳೆಸಿದ ಮಣ್ಣಿನ ಗಿಲಾವು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ರಾಮದುರ್ಗದ ಕಡೆಯ ಮಾಳಿಗೆ ಮನೆಗಳ ಜಂತಿ, ತೊಲೆ, ಮೇಲ್ಮುದ್ದೆ ನೋಡಿದವಳಿಗೆ ಆ ಮನೆಗಳು ಪರಕೀಯ ಅನ್ನಿಸುವುದಿಲ್ಲ. ಎಸ್ಲಿಂಗನ್ ಎಂಬ ಊರಲ್ಲಿ 1330ರ ಸುಮಾರಿಗೆ ಕಟ್ಟಿದ ಅಂಥ ಮನೆಗಳ ಸಾಲು ಇಂದಿಗೂ ನಿಂತಿದೆ. ಮಣ್ಣು, ಕಟ್ಟಿಗೆ, ಸುಣ್ಣ, ಏಳುನೂರು ವರ್ಷ! ಕೆಳಗೆ ಅಂಗಡಿ, ಮೇಲೆ ಮನೆ, ಒಳಗೆ ಬಚ್ಚಲು, ಕರೆಂಟು, ಬಿಸಿನೀರು, ವೈಫೈ ಎಲ್ಲ ಇದೆ. ಅಂಥ ಮನೆಯ ಮಾಲೀಕ ಇಲಾಖೆಯ ಒಪ್ಪಿಗೆ ಇಲ್ಲದೆ ಕಿಟಕಿಯನ್ನೂ ಬದಲಿಸುವಂತಿಲ್ಲ. ಬದಲಿಗೆ ದುರಸ್ತಿಯ ಖರ್ಚಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ. ಕಾನೂನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಕೊಡುತ್ತದೆ. ನಮ್ಮಲ್ಲಿ ಹಳೆಯ ಮನೆ ಇದ್ದವನಿಗೆ ಇಂಥ ಆಸರೆ ಸಿಕ್ಕಿದ್ದರೆ ಎಷ್ಟು ಪಡಸಾಲೆಗಳು ಉಳಿಯುತ್ತಿದ್ದವು ಅಂತ ನನಗೆ ಅಲ್ಲಿ ನಿಂತಾಗ ಹೊಟ್ಟೆ ಉರಿಯಿತು.

ಮೇಲೆ ನೋಡಿಕೊಂಡೇ ನಡೆಯಬೇಡ, ಆಗಾಗ ಕೆಳಗೂ ನೋಡು. ಫುಟ್‌ಪಾತಿನ ಕಲ್ಲುಗಳ ನಡುವೆ ಅಂಗೈಯಗಲದ ಹಿತ್ತಾಳೆಯ ಹಲಗೆಗಳು ಇರುತ್ತವೆ. ಬಗ್ಗಿ ಓದು. ‘ಇಲ್ಲಿ ವಾಸವಿದ್ದರು’ ಅಂತ ಶುರುವಾಗಿ ಒಂದು ಹೆಸರು, ಹುಟ್ಟಿದ ವರ್ಷ, ಹಿಡಿದೊಯ್ದ ವರ್ಷ, ಕೊಂದ ಜಾಗ. ಹಿಟ್ಲರನ ಕಾಲದಲ್ಲಿ ಆ ಮನೆಯಿಂದ ಎಳೆದೊಯ್ದ ಯಹೂದಿಗಳು, ಬೇರೆಯವರು. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು 1992ರಲ್ಲಿ ಶುರು ಮಾಡಿದ ಕೆಲಸ. 2023ರ ಹೊತ್ತಿಗೆ ಯುರೋಪಿನಲ್ಲೆಲ್ಲ ಅಂಥ ಹಲಗೆಗಳು ಒಂದು ಲಕ್ಷ ದಾಟಿದವು. ಚೆಂದದ ರೋಟೆನ್‌ಬುರ್ಗಿನಿಂದಲೂ 1938ರ ಅಕ್ಟೋಬರಿನಲ್ಲಿ ಯಹೂದಿಗಳನ್ನೆಲ್ಲ ಓಡಿಸಿದ್ದರು. ಈ ಹಲಗೆಗಳ ಮುಂದೆ ನಗುತ್ತ ಸೆಲ್ಫಿ ತೆಗೆದುಕೊಳ್ಳಬೇಡ. ಒಂದು ಹೆಸರನ್ನಾದರೂ ಪೂರ್ತಿ ಓದಿ ಮುಂದೆ ಹೋಗು.

ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಅಲ್ಲಿನ ನಿನ್ನ ಗೆಳತಿಯರು ಒಂದು ದಿನ ನಿನ್ನ ಊರಿನ ಬಗ್ಗೆ ಕೇಳುತ್ತಾರೆ. ಸವದತ್ತಿ ಎಲ್ಲಮ್ಮನ ಗುಡ್ಡದ ಬಗ್ಗೆ ಹೇಳುತ್ತೀ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಮೂರ್ನಾಲ್ಕು ದಿನ ದಾರಿಯಲ್ಲೇ ಅಡಿಗೆ ಮಾಡಿಕೊಂಡು ಬರುವ ಜನ, ಭಂಡಾರ, ‘ಉಧೋ ಉಧೋ’ ಎನ್ನುವ ಕೂಗು, ಪರಡಿ ತುಂಬಿಸುವುದು ಎಲ್ಲವನ್ನೂ ಅಭಿಮಾನದಿಂದ ಹೇಳು. ಅದರ ಜೊತೆಗೆ, ಆ ದೇವಿಯ ಹೆಸರಿನಲ್ಲಿ ಬಡವರ ಮನೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದ್ದು, 1982ರಲ್ಲಿ ಕರ್ನಾಟಕ ಅದನ್ನು ಕಾನೂನು ತಂದು ನಿಷೇಧಿಸಿದ್ದು, ಆ ಹೆಣ್ಣುಮಕ್ಕಳೇ ಸಂಘ ಕಟ್ಟಿಕೊಂಡು ಎದ್ದು ನಿಂತದ್ದು, ಅದನ್ನೂ ಹೇಳು. ಮುಚ್ಚಿಡಬೇಡ. ತಮ್ಮ ಮನೆಯ ಬಾಗಿಲಲ್ಲೇ ತಮ್ಮ ತಪ್ಪನ್ನು ಹಿತ್ತಾಳೆಯಲ್ಲಿ ಬರೆದವರ ಮುಂದೆ ನೀನು ಮುಚ್ಚಿಡುವುದು ಸರಿಯಲ್ಲ.

ಇನ್ನು ನಮ್ಮ ಮಾತಿನ ಎಳೆ ಹಿಡಿದು ನೋಡಬೇಕಾದ ಊರುಗಳು. ಇವನ್ನು ಪ್ರವಾಸದ ಪುಸ್ತಕಗಳು ನಿನಗೆ ಹೀಗೆ ಹೇಳಿಕೊಡುವುದಿಲ್ಲ, ಅದಕ್ಕೇ ನಾನು ವಿಸ್ತಾರವಾಗಿ ಹೇಳುತ್ತೇನೆ.

ಟ್ಯೂಬಿಂಗನ್. ಶ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಒಂದು ತಾಸಿನ ಆಸುಪಾಸು. ನೆಕ್ಕರ್ ನದಿಯ ದಂಡೆಯ ಹಳದಿ, ಕೆಂಪು, ನೀಲಿ ಮನೆಗಳು, ಉದ್ದನೆಯ ಕೋಲಿನಿಂದ ತಳ್ಳುವ ದೋಣಿಗಳು, ಹ್ಯೋಲ್ಡರ್‌ಲಿನ್ ಎಂಬ ಕವಿ ಮನಸ್ಸು ಕೆಟ್ಟು 1807ರಿಂದ 1843ರ ತನಕ ಒಬ್ಬ ಬಡಗಿಯ ಮನೆಯವರ ಆರೈಕೆಯಲ್ಲಿ ಬದುಕಿದ ಗೋಪುರ. 1477ರಲ್ಲಿ ಶುರುವಾದ ವಿಶ್ವವಿದ್ಯಾಲಯ. ನಮ್ಮ ರೆವರೆಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು, ಮಣ್ಣಾದದ್ದು ಈ ಊರಲ್ಲಿ. ಉತ್ತರ ಸಮುದ್ರದ ಹತ್ತಿರದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ 1832ರಲ್ಲಿ ಹುಟ್ಟಿದ ಹುಡುಗ 1853ರಲ್ಲಿ ಬಾಸೆಲ್ ಮಿಶನ್ನಿನಿಂದ ನಮ್ಮ ನಾಡಿಗೆ ಬಂದ. ಹುಬ್ಬಳ್ಳಿ, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಕೆಲಸ ಮಾಡಿದ. 1894ರಲ್ಲಿ ಅವನ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70 ಸಾವಿರ ಶಬ್ದ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅದಕ್ಕಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. ಆ ನಿಘಂಟಿನಲ್ಲಿ ಹಳೆಯ ಕಾವ್ಯಗಳ ಶಬ್ದಗಳ ಜೊತೆ ಜನ ಆಡುವ ಮಾತೂ, ಗಾದೆಗಳೂ ಇವೆ. ಕಿತ್ತೂರಿನಿಂದ ಧಾರವಾಡ ಒಂದು ತಾಸಿನ ದಾರಿಯೂ ಅಲ್ಲ. ನಮ್ಮ ಅಜ್ಜನ ಅಜ್ಜ ಧಾರವಾಡದ ಸಂತೆಯಲ್ಲಿ ಆಡಿದಂಥ ಮಾತುಗಳನ್ನು ಆ ಮನುಷ್ಯ ಬರೆದಿಟ್ಟು ಉಳಿಸಿದ. ಊರು ಕಾಯ್ದವರ ಲೆಕ್ಕದಲ್ಲಿ ನುಡಿ ಕಾಯ್ದವರೂ ಬರುತ್ತಾರೆ. ಹೋದರೆ ಸಮಾಧಿಯ ಮುಂದೆ ಒಂದು ಹೂವು ಇಟ್ಟು ಬಾ.

ಎಸ್ಲಿಂಗನ್ನಿನ ಹಳೆಯ ಮನೆಗಳ ಬಗ್ಗೆ ಮೇಲೆ ಹೇಳಿದೆನಲ್ಲ, ಅದೇ ಊರಲ್ಲಿ 1881ರಲ್ಲಿ ಹರ್ಮನ್ ಮ್ಯೋಗ್ಲಿಂಗ್ ತೀರಿಕೊಂಡರು. ಹುಟ್ಟಿದ್ದು 1811ರಲ್ಲಿ, ದ್ರಾಕ್ಷಿ ತೋಟಗಳ ನಡುವಿನ ಬ್ರಾಕನ್‌ಹೈಮ್‌ನಲ್ಲಿ. 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟವರು ಇವರೇ. ಬಸವಪುರಾಣವನ್ನೂ, ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಮೊದಲು ಹೊರತಂದವರೂ ಇವರೇ. ಬಂದದ್ದು ತಮ್ಮ ಧರ್ಮ ಹರಡಲು, ಅದನ್ನು ಮರೆಯುವ ಅಗತ್ಯವಿಲ್ಲ. ಆದರೆ ನಮ್ಮ ಮನೆಯ ಪುರಾಣವನ್ನು ಓಲೆಯಿಂದ ಕಾಗದಕ್ಕೆ ತಂದ ಕೈ ಅದು, ಅದನ್ನೂ ಮರೆಯಬಾರದು.

ಕಾಲ್ವ್ ಸಣ್ಣ ಊರು, ಕಪ್ಪು ಕಾಡಿನ ಅಂಚಿನಲ್ಲಿ, ನಾಗೋಲ್ಡ್ ಹೊಳೆಯ ದಂಡೆಗೆ. 1692ರಲ್ಲಿ ಫ್ರೆಂಚರು ಸುಟ್ಟ ಮೇಲೆ ಮತ್ತೆ ಎದ್ದ ಊರು. ಈಗ ಕಾಣುವ ಕಟ್ಟಿಗೆ ಚೌಕಟ್ಟಿನ ಮನೆಗಳು ಆಮೇಲಿನವು. ಮಲಯಾಳಂ ನಿಘಂಟು ಬರೆದ ಹರ್ಮನ್ ಗುಂಡರ್ಟ್ ಕೊನೆಗಾಲ ಕಳೆದದ್ದು ಇಲ್ಲಿ. ಅವರ ಮಗಳು ಹುಟ್ಟಿದ್ದು ದಕ್ಷಿಣ ಭಾರತದಲ್ಲಿ. ಅವಳ ಮಗ ಕಾಲ್ವ್‌ನಲ್ಲಿ 1877ರಲ್ಲಿ ಹುಟ್ಟಿದ ಹರ್ಮನ್ ಹೆಸ್ಸೆ, ‘ಸಿದ್ಧಾರ್ಥ’ ಬರೆದವನು. ಹಳೆಯ ನಿಕೋಲಸ್ ಸೇತುವೆಯ ಮೇಲೆ ಅವನ ಮೂರ್ತಿ ನಿಂತಿದೆ. ಅಜ್ಜನ ಮನೆಯ ಭಾರತದ ಪುಸ್ತಕಗಳ ನಡುವೆ ಬೆಳೆದ ಹುಡುಗ.

ವ್ಯೂರ್ತ್ಸ್‌ಬುರ್ಗಿಗೂ ಹೋಗು. 1945ರ ಮಾರ್ಚ್ 16ರ ರಾತ್ರಿ ಇಡೀ ಊರು ಸುಟ್ಟಿತ್ತು. ಈಗ ನೋಡುವ ಹೆಚ್ಚಿನದೆಲ್ಲ ಮತ್ತೆ ಕಟ್ಟಿದ್ದು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ನಮ್ಮ ಕನ್ನಡ ವಿದ್ವಾಂಸ ಬಿ. ಎ. ವಿವೇಕ ರೈ ಅವರು ಕನ್ನಡ ಕಲಿಸಿ ಬಂದಿದ್ದಾರೆ.

ಎಲ್ಲವನ್ನೂ ಒಂದೇ ರಜೆಯಲ್ಲಿ ನೋಡುವ ಹಟ ಬೇಡ. ನಿನ್ನ ವಯಸ್ಸಿನವರು ಒಂದು ದಿನಕ್ಕೆ ಮೂರು ಊರು ಅಂತ ಲೆಕ್ಕ ಹಾಕಿ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಓಡುವುದನ್ನು ನೋಡಿದ್ದೇನೆ. ಒಂದು ಊರಿಗೆ ಒಂದು ರಾತ್ರಿಯಾದರೂ ಕೊಡು. ಸಂಜೆ ಬಸ್ಸುಗಳು ಹೋದ ಮೇಲೆ, ಬೆಳಿಗ್ಗೆ ಬೇಕರಿ ತೆರೆಯುವ ಹೊತ್ತಿಗೆ, ಆ ಊರಿನವರು ಆ ಊರಿನಲ್ಲಿ ಇರುವುದು ಕಾಣುತ್ತದೆ. ನೊಯ್‌ಶ್ವಾನ್‌ಸ್ಟೈನ್ ಅರಮನೆ ನೋಡಬೇಡ ಎನ್ನುವುದಿಲ್ಲ. ಟಿಕೆಟ್ಟಿನಲ್ಲಿ ಬರೆದ ಹೊತ್ತಿಗೇ ಒಳಗೆ ಬಿಡುತ್ತಾರೆ, ಮೊದಲೇ ಬುಕ್ ಮಾಡು. ಆದರೆ ಅದು 1869ರಲ್ಲಿ ಒಬ್ಬ ರಾಜ ತನ್ನ ಕನಸಿಗೆ ಕಟ್ಟಿಸತೊಡಗಿದ್ದು. ನೂರಾರು ವರ್ಷ ಜನ ಬಾಳಿ ಬದುಕಿದ ಬಾಂಬೆರ್ಗಿನಂಥ ಊರು, ಹೊಳೆಯ ನಡುವೆ ಸೇತುವೆಯ ಮೇಲೆಯೇ ಪುರಸಭೆ ಕಟ್ಟಿಕೊಂಡ ಊರು, ಹೆಚ್ಚು ಕಲಿಸುತ್ತದೆ.

ತಿರುಗಾಟದ ಸಣ್ಣ ಪುಟ್ಟ ವಿಷಯಗಳು. ಡಾಯ್ಚ್‌ಲಾಂಡ್ ಟಿಕೆಟ್ ಎಂಬುದಿದೆ. 2023ರ ಮೇ ತಿಂಗಳಲ್ಲಿ 49 ಯೂರೋಕ್ಕೆ ಶುರುವಾಯಿತು, 2025ರಲ್ಲಿ 58 ಆಯಿತು, ದರ ಏರುತ್ತಲೇ ಇದೆ. ತಿಂಗಳೆಲ್ಲ ದೇಶದ ಯಾವ ಊರಿನ ಬಸ್ಸು, ಟ್ರಾಮು, ಸಣ್ಣ ರೈಲಾದರೂ ಹತ್ತಬಹುದು. ಐಸಿಇಯಂಥ ವೇಗದ ರೈಲು ಹತ್ತುವಂತಿಲ್ಲ. ಅದು ತಿಂಗಳ ಚಂದಾ, ಬೇಡವಾದರೆ ಹಿಂದಿನ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ನಿನ್ನ ವಿಶ್ವವಿದ್ಯಾಲಯವೇ ವಿದ್ಯಾರ್ಥಿ ಟಿಕೆಟ್ ಕೊಡುತ್ತದೆಯೋ ಮೊದಲು ವಿಚಾರಿಸು. ಟಿಕೆಟ್ ಇಲ್ಲದೆ ಸಿಕ್ಕರೆ 60 ಯೂರೋ ದಂಡ. ಗೊತ್ತಿರಲಿಲ್ಲ ಅಂದರೆ ಕೇಳುವುದಿಲ್ಲ. ಅಲ್ಲಿನ ರೈಲುಗಳು ಈಗ ಬಹಳ ತಡ ಆಗುತ್ತವೆ, ಎರಡು ರೈಲಿನ ನಡುವೆ ಅರ್ಧ ತಾಸಾದರೂ ಬಿಡುವು ಇಟ್ಟುಕೋ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ತರಕಾರಿ, ಹಾಲು ತಂದಿಡು. ರಾತ್ರಿ ಹತ್ತರ ಮೇಲೆ ಕೋಣೆಯಲ್ಲಿ ಗದ್ದಲ ಬೇಡ. ಖಾಲಿ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡ, ಅಂಗಡಿಯ ಯಂತ್ರಕ್ಕೆ ಹಾಕಿದರೆ 25 ಸೆಂಟು ತಿರುಗಿ ಬರುತ್ತದೆ. ನಲ್ಲಿಯ ನೀರು ಕುಡಿಯಬಹುದು. ಕಲ್ಲುಹಾಸಿನ ಬೀದಿಗಳು, ದಪ್ಪ ಅಡಿಯ ಬೂಟು ಹಾಕಿಕೋ. ಆಪತ್ತಿಗೆ 112, ಪೊಲೀಸಿಗೆ 110.

ಊಟದ ವಿಷಯ. ನಿಮ್ಮವ್ವನ ಚಿಂತೆ ಅದೊಂದೇ ಅಂತ ನನಗೆ ಗೊತ್ತು. ನಿಮ್ಮ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲ, ನಮ್ಮಲ್ಲೂ ಇಲ್ಲ. ‘ವೆಗೆಟಾರಿಶ್’ ಅಂತ ಬರೆದದ್ದು ನೋಡಿ ತೆಗೆದುಕೋ. ಚೀಸು, ಹುರಿದ ಉಳ್ಳಾಗಡ್ಡಿ ಹಾಕಿದ ಕೇಸೆಶ್ಪೆಟ್ಸ್‌ಲೆ ಹೊಟ್ಟೆ ತುಂಬುವ ಊಟ. ಆಲೂಗಡ್ಡೆಯ ದೋಸೆಯಂಥ ಕಾರ್ಟೋಫೆಲ್‌ಪುಫರ್ ಸಿಗುತ್ತದೆ. ಶ್ಟುಟ್‌ಗಾರ್ಟಿನ ಕಡೆಯ ಬೇಳೆಯ ಸಾರು ನೋಡಿ ನಮ್ಮದೇ ಅಂದುಕೊಂಡು ಆಸೆಪಡಬೇಡ, ಅದರಲ್ಲಿ ಹಂದಿಯ ತುಂಡು ಬೆರೆಸಿರುತ್ತಾರೆ, ಕೇಳಿ ತಿನ್ನು. ಇಲ್ಲಿಂದ ಒಯ್ಯುವಾಗ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಧಾರಾಳ ಕಟ್ಟಿಕೋ. ಬೆಳಗಾವಿ ಕುಂದಾ, ಧಾರವಾಡ ಪೇಡಾ, ತುಪ್ಪ ಬೇಡ. ಹಾಲಿನಿಂದ ಮಾಡಿದ ಪದಾರ್ಥ ಹೊರಗಿನಿಂದ ಒಯ್ಯಲು ಯುರೋಪಿನ ಒಕ್ಕೂಟ ಬಿಡುವುದಿಲ್ಲ, ವಿಮಾನ ನಿಲ್ದಾಣದಲ್ಲೇ ಕಸಿದುಕೊಳ್ಳುತ್ತಾರೆ. ಬೇಸನ್ ಉಂಡಿಯ ಡಬ್ಬಿಯಲ್ಲಿ ತುಪ್ಪ ಇದೆಯಲ್ಲ ಅಂತ ನಿಮ್ಮವ್ವ ಕೇಳಬಹುದು. ಅವಳಿಗೆ ಶೇಂಗಾ ಉಂಡಿ ಕಟ್ಟಲು ಹೇಳು.

ಅಲ್ಲಿನ ಗೆಳತಿಯರನ್ನು ಒಮ್ಮೆ ಇಲ್ಲಿಗೆ ಕರೆದುಕೊಂಡು ಬಾ. ಏಪ್ರಿಲ್, ಮೇ ಬಿಸಿಲು ಅವರಿಗೆ ಆಗುವುದಿಲ್ಲ. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ, ಆಗ ತಂದರೆ ಒಳ್ಳೆಯದು. ಮಳೆ ಮುಗಿದಿರುತ್ತದೆ, ನವಿಲುತೀರ್ಥದಲ್ಲಿ ಮಲಪ್ರಭೆ ತುಂಬಿರುತ್ತಾಳೆ, ಸೊಗಲದ ಜಲಪಾತದಲ್ಲಿ ನೀರು ಬೀಳುತ್ತಿರುತ್ತದೆ. ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆ ಬಿಟ್ಟು ಬೇರೆ ದಿನ ಕರೆದೊಯ್ಯಿ, ಹುಣ್ಣಿಮೆಗೆ ಕಾಲಿಡಲು ಜಾಗವಿರುವುದಿಲ್ಲ. ರಾಮದುರ್ಗದ ಕಡೆ ಸುರೇಬಾನದ ಶಬರಿಕೊಳ್ಳ, ತೊರಗಲ್ಲಿನ ಕೋಟೆ ಮತ್ತು ಭೂತನಾಥನ ಗುಡಿ ನೋಡಲು ಒಂದು ಪೂರ್ತಿ ದಿನ ಬೇಕು. ಹೂಲಿಗೆ ತಪ್ಪದೇ ಹೋಗಿರಿ. ಗುಡ್ಡದ ಬುಡದಲ್ಲಿ ಪಂಚಲಿಂಗೇಶ್ವರ, ಸುತ್ತ ಸಣ್ಣ ದೊಡ್ಡ ಗುಡಿಗಳು. ನೂರೊಂದು ಗುಡಿ, ನೂರೊಂದು ಬಾವಿ ಅಂತ ಜನ ಹೇಳುವ ಊರು. ಎಷ್ಟೋ ಗುಡಿಗಳ ಗೋಡೆಯಲ್ಲಿ ಗಿಡ ಬೆಳೆದು ಕಲ್ಲು ಸೀಳಿವೆ.

ಅಲ್ಲಿ ನಿನ್ನ ಗೆಳತಿಯರು ‘ಇದನ್ನು ನೋಡಿಕೊಳ್ಳುವವರು ಯಾರು?’ ಅಂತ ಕೇಳುತ್ತಾರೆ. ಹೈಡೆಲ್‌ಬರ್ಗ್ ನೋಡಿದವರು ಕೇಳದೆ ಇರುವುದಿಲ್ಲ. ಪುರಾತತ್ವ ಇಲಾಖೆ ಅಂತ ಹೇಳಿ ಕೈ ತೊಳೆದುಕೊಳ್ಳಬೇಡ. ಊರಿನ ನಾಲ್ಕು ಹುಡುಗರನ್ನು, ಪಂಚಾಯಿತಿಯವರನ್ನು ಜೊತೆಗೆ ಕರೆದು ಮಾತಾಡು. ಗಿಡ ಕೀಳುವುದಕ್ಕೂ ಇಲಾಖೆಯನ್ನು ಕೇಳಿಯೇ ಕೀಳಬೇಕು, ಬೇರು ಎಳೆದರೆ ಕಲ್ಲೇ ಜಾರುತ್ತದೆ. ಅದಕ್ಕೆ ತಿಳಿದವರು ಬೇಕು. ಅರ್ಜಿ ನಾನು ಬರೆದುಕೊಡುತ್ತೇನೆ, ಸಹಿ ಹಾಕಲು ನೀನಿರು. ಬರುವ ದಿನ ಒಂದು ವಾರ ಮೊದಲೇ ತಿಳಿಸಿದರೆ ಎಲ್ಲರಿಗೂ ಆಗುವಷ್ಟು ರೊಟ್ಟಿ ಬುತ್ತಿ ಕಟ್ಟಿಸಿಡುತ್ತೇನೆ.